ಪ್ಲಗ್, ಪಾಯಿಂಟ್ ಮತ್ತು ಅರಿಶಿನ ಪುಡಿ

ಮುಂಬೈಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ 30ರಂದು ಅಧಿಕೃತವಾಗಿ ನಿವೃತ್ತಿ ಹೊಂದಿದವು. ಆ ಜಾತಿಯ ಕೊನೆಯ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಆ ನಗರದ ನಿಯಮದಂತೆ ಟ್ಯಾಕ್ಸಿಯ ಆಯುಸ್ಸು 20 ವರ್ಷ. ಲೆಕ್ಕ ತೀರಿತು, ಗಾಡಿ ಹೋಯಿತು. ಅಂದು ಪತ್ರಿಕೆಗಳೆಲ್ಲ ಕಪ್ಪು-ಹಳದಿ ಬಣ್ಣದ ಬಗ್ಗೆ, ಹಿಂದಿ ಚಿತ್ರಗಳಲ್ಲಿ ಆ ಟ್ಯಾಕ್ಸಿ ಮಾಡಿದ ಪಾತ್ರಗಳ ಬಗ್ಗೆ ಧಾರಾಳವಾಗಿ ಬರೆದವು. ಆದರೆ ಆ ಕಾರಿನ ಜೊತೆಗೆ ಹೋದ ಇನ್ನೊಂದು ಸಂಗತಿಯ ಬಗ್ಗೆ ಹೆಚ್ಚು ಮಾತು ಬರಲಿಲ್ಲ. ಅದು ಕಾರಿನ ಒಡೆಯನೇ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಹಳೆಯ ಬನಿಯನ್ನಿನ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು, ತನ್ನ ಎಂಜಿನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿದ್ದ ರೂಢಿ.

ಆ ರೂಢಿ ಹವ್ಯಾಸವಾಗಿ ಹುಟ್ಟಿದ್ದಲ್ಲ. ಅದನ್ನು ಹುಟ್ಟಿಸಿದ್ದು ಅಭಾವ.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100 ಡಿ. 1962ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಸಂಸಾರಿ ಕಾರನ್ನು ಎರಡೇ ವರ್ಷದಲ್ಲಿ ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ತಯಾರಿಸತೊಡಗಿತು. ಆ ಕಂಪನಿಯನ್ನು 1944ರಲ್ಲಿ ಕಟ್ಟಿದವರು ಉದ್ಯಮಿ ವಾಲ್‌ಚಂದ್ ಹಿರಾಚಂದ್. ಬೆಂಗಳೂರಿಗೆ ಈ ಹೆಸರು ಹೊಸದಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ಇಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಅದಕ್ಕೂ ಮೊದಲೇ, ಮೂವತ್ತರ ದಶಕದ ನಡುವಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರಕಾರದ ಬೆಂಬಲ ಸಿಗದೆ ಅದು ನೆನೆಗುದಿಗೆ ಬಿತ್ತು. ಆ ಯೋಜನೆಯನ್ನು ಬೆಂಬಲಿಸಿದ್ದ ವಾಲ್‌ಚಂದರು ಮುಂದೆ ಕಟ್ಟಿದ ಕಂಪನಿಯೇ ನಮ್ಮ ರಸ್ತೆಗಳಿಗೆ ಫಿಯೆಟ್ಟನ್ನು ತಂದಿತು. ಹಾಗಾಗಿ ಪದ್ಮಿನಿಯ ವಂಶವೃಕ್ಷದಲ್ಲಿ ಮುದ್ದೇನಹಳ್ಳಿಯ ಒಂದು ಕೊಂಬೆಯೂ ಇದೆ ಎಂದರೆ ತೀರ ತಪ್ಪಾಗಲಾರದು.

ಇಟಲಿಯಲ್ಲಿ 1100 ಸಾಲಿನ ಕಾರುಗಳ ತಯಾರಿಕೆ 1969ರಲ್ಲಿ ನಿಂತಿತು. ಇಲ್ಲಿ ಅದೇ ಕಾರು ಮೊದಲು ಫಿಯೆಟ್ ಹೆಸರಿನಲ್ಲಿ, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಎಂದು, 1974ರಿಂದ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸುತ್ತ ಇನ್ನೂ ಮೂರು ದಶಕ ಬಾಳಿತು. ಹೆಸರು ಬದಲಾದರೂ ಜನ ಕೊನೆಯವರೆಗೂ ಅದನ್ನು ‘ಫಿಯೆಟ್’ ಎಂದೇ ಕರೆದರು. ಎಪ್ಪತ್ತರ ದಶಕದಲ್ಲಿ ದೇಶದಲ್ಲಿದ್ದ ಕಾರಿನ ಕಾರ್ಖಾನೆಗಳು ಮುಖ್ಯವಾಗಿ ಮೂರು: ಕಲ್ಕತ್ತದ ಬಳಿ ಅಂಬಾಸಡರ್, ಮುಂಬೈಯಲ್ಲಿ ಫಿಯೆಟ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಮೂರೂ ಸೇರಿ ವರ್ಷಕ್ಕೆ ಐವತ್ತು ಸಾವಿರ ಕಾರು ತಯಾರಿಸುತ್ತಿರಲಿಲ್ಲ. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ದಿಲ್ಲಿಯ ಪರವಾನಗಿ ಬೇಕಿದ್ದ ಕಾಲ ಅದು. ಹಣ ಕಟ್ಟಿ, ವರ್ಷಗಟ್ಟಲೆ ಕಾದು ಪಡೆದ ಕಾರನ್ನು ಹದಿನೈದು ಇಪ್ಪತ್ತು ವರ್ಷ ಓಡಿಸದೆ ಬೇರೆ ದಾರಿ ಇರಲಿಲ್ಲ. ಕಂಪನಿಯ ವರ್ಕ್‌ಶಾಪುಗಳಿದ್ದದ್ದು ದೊಡ್ಡ ಊರುಗಳಲ್ಲಿ. ತಾಲ್ಲೂಕು ಕೇಂದ್ರದ ವೈದ್ಯರಿಗೋ, ವಕೀಲರಿಗೋ, ಮಲೆನಾಡಿನ ತೋಟದವರಿಗೋ ಉಳಿದದ್ದು ಎರಡೇ ದಾರಿ: ಊರಿನ ಮೇಸ್ತ್ರಿ, ಇಲ್ಲವೇ ತಮ್ಮ ಕೈ.

ಆ ಕೈಗೆ ಎಂಜಿನ್ ಸಹಕರಿಸುತ್ತಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. 68 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟದ ನಾಲ್ಕು ಸಿಲಿಂಡರು. ಒಟ್ಟು 1,089 ಸಿಸಿ. ಬೀಡು ಕಬ್ಬಿಣದ ಬ್ಲಾಕು, ಅದರ ಮೇಲೆ ಅಲ್ಯೂಮಿನಿಯಂ ಹೆಡ್ಡು. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಫಿಯೆಟ್ಟಿನ ಬಾನೆಟ್ ಎತ್ತಿದರೆ ಪ್ಲಗ್ಗುಗಳು, ಡಿಸ್ಟ್ರಿಬ್ಯೂಟರ್, ಕಾರ್ಬೊರೇಟರ್, ಪೆಟ್ರೋಲ್ ಪಂಪು, ಡೈನಮೊ ಎಲ್ಲವೂ ಬೀರುವಿನಲ್ಲಿ ಜೋಡಿಸಿಟ್ಟ ಪಾತ್ರೆಗಳ ಹಾಗೆ ಒಂದೊಂದಾಗಿ ಕಣ್ಣಿಗೆ ಬೀಳುತ್ತಿದ್ದವು. ನಡುವೆ ಕೈ ಹೋಗುವಷ್ಟು ಜಾಗವೂ ಇತ್ತು. ನಾಲ್ಕಾರು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು, ಒಂದು ಪ್ಲಗ್ ಪಾನಾ ಇದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದರೆ ಹತ್ತರಲ್ಲಿ ಆರೇಳು ಸಲ ತಪ್ಪಿತಸ್ಥ ಪಾಯಿಂಟು. ಅದೇನೆಂದು ತಿಳಿಯಲು ಒಂದಷ್ಟು ಹಿಂದಕ್ಕೆ ಹೋಗಬೇಕು. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಮತ್ತು ಅವನ ಗೆಳೆಯ ಎಡ್ವರ್ಡ್ ಡೀಡ್ಸ್ 1909ರಲ್ಲಿ ಒಂದು ಕಂಪನಿ ತೆರೆದರು. ಬ್ಯಾಟರಿಯ ಅಲ್ಪ ವಿದ್ಯುತ್ತಿನಿಂದ ಎಂಜಿನ್ನಿಗೆ ಬೇಕಾದ ಜೋರಾದ ಕಿಡಿಯನ್ನು ಪಡೆಯುವುದು ಅವರ ಉದ್ದೇಶ. ಉಪಾಯ ಹೀಗಿತ್ತು: ತಂತಿ ಸುತ್ತಿದ ಒಂದು ಕಾಯಿಲ್, ಅದಕ್ಕೆ ಹರಿಯುವ ವಿದ್ಯುತ್ತನ್ನು ಕೂಡಿಸಿ ಕಡಿಯುವ ಎರಡು ಪುಟ್ಟ ಲೋಹದ ತುದಿಗಳು. ವಿದ್ಯುತ್ ಥಟ್ಟನೆ ಕಡಿದ ಕ್ಷಣ ಕಾಯಿಲ್‌ನೊಳಗಿನ ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತ ಸಾವಿರಾರು ವೋಲ್ಟುಗಳ ಒತ್ತಡವನ್ನು ಹುಟ್ಟಿಸುತ್ತದೆ. ಅದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಕೂಡಿಸಿ ಕಡಿಯುವ ಆ ಎರಡು ತುದಿಗಳೇ ಪಾಯಿಂಟು. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಈ ಪಾಯಿಂಟು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತದೆ. ಇಷ್ಟು ಬಡಿಸಿಕೊಂಡ ಲೋಹ ಕಪ್ಪಾಗದೆ, ಗುಳಿ ಬೀಳದೆ ಇದ್ದೀತೆ?

ಮನೆಯ ಮದ್ದು ಸರಳ. ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ಪು ಬಿಚ್ಚಿ ಮುಚ್ಚಳ ತೆಗೆದು, ಎಮೆರಿ ಪೇಪರಿನ ಚೂರಿನಿಂದ ಪಾಯಿಂಟಿನ ಮುಖ ಉಜ್ಜಿ, ನಡುವಿನ ಸಂದನ್ನು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರುವಂತೆ ಇಟ್ಟರಾಯಿತು. ಅಳೆಯಲು ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಎಲೆಗಳ ಸಾಧನವಿತ್ತು. ಅದಿಲ್ಲದವರು ವಿಸಿಟಿಂಗ್ ಕಾರ್ಡನ್ನೇ ತೂರಿಸಿ ನೋಡುತ್ತಿದ್ದರು. ಪ್ಲಗ್ಗಿನ ಸಂದಿಗೆ ಹಾಕ್ಸಾ ಬ್ಲೇಡು. ಅದರ ದಪ್ಪ ಹೆಚ್ಚುಕಡಿಮೆ ಪ್ಲಗ್ಗಿಗೆ ಬೇಕಾದಷ್ಟೇ, ಅಂದರೆ 0.6 ಮಿಲಿಮೀಟರಿನ ಆಸುಪಾಸು ಇರುವುದು ಕಾಕತಾಳೀಯವಾದರೂ ಉಪಕಾರಿ. ಉಜ್ಜಿದ ಮೇಲೂ ಪಾಯಿಂಟು ಬೇಗ ಸುಡುತ್ತಿದ್ದರೆ ಪಕ್ಕದ ಕಂಡೆನ್ಸರ್ ಬದಲಿಸಬೇಕು ಎಂಬುದು ಮುಂದಿನ ಪಾಠ.

ಕೆಟರಿಂಗ್ ಮತ್ತು ಡೀಡ್ಸ್ ಕಟ್ಟಿದ ಕಂಪನಿಯ ಹೆಸರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಡೆಲ್ಕೊ’. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಡಿಸ್ಟ್ರಿಬ್ಯೂಟರ್ ಎಂದು ಹೇಳುವವರು ಕಡಿಮೆ, ‘ಡೆಲ್ಕೊ’ ಎಂದರೆ ಎಲ್ಲರಿಗೂ ಗೊತ್ತು. ಆ ಕಂಪನಿ ಮುಂದೆ ಜನರಲ್ ಮೋಟಾರ್ಸ್ ಪಾಲಾಯಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯಲ್ಲಿ ಕಾರು ಜೋಡಿಸತೊಡಗಿತ್ತು. ಪದ ಬಂದ ದಾರಿ ಅದೇ ಇರಬೇಕು. ಕೆಟರಿಂಗನದೇ ಇನ್ನೊಂದು ಸೃಷ್ಟಿ 1912ರ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದ ವಿದ್ಯುತ್ ಸ್ಟಾರ್ಟರು. ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿಸಿದ ಆ ‘ಸೆಲ್ಫ್ ಸ್ಟಾರ್ಟರ್’ ನಮ್ಮಲ್ಲಿ ಬಾಲ ಕಳೆದುಕೊಂಡು ಬರೀ ‘ಸೆಲ್ಫ್’ ಆಯಿತು. ‘ಸೆಲ್ಫ್ ಹೊಡೀತಿದೆ ಸಾರ್, ಡೆಲ್ಕೊದಲ್ಲೇ ಕರೆಂಟಿಲ್ಲ’ ಎಂದು ಮೇಸ್ತ್ರಿ ಹೇಳಿದರೆ ಅದು ಅಚ್ಚ ಕನ್ನಡ ವಾಕ್ಯವೇ. ಹೆಚ್ಚುವರಿ ಚಕ್ರಕ್ಕೆ ನಾವು ಹೇಳುವ ‘ಸ್ಟೆಪ್ನಿ’ ಕೂಡ ಹೀಗೆಯೇ ವೇಲ್ಸ್ ದೇಶದ ಒಂದು ಹಳೆಯ ಕಂಪನಿಯ ಹೆಸರು. ಪದವಿ ಪಡೆದವರು ಪುಸ್ತಕದಲ್ಲಿ ಓದಿ ಮರೆತ ಇತಿಹಾಸ ಗ್ಯಾರೇಜಿನ ಹುಡುಗರ ನಾಲಗೆಯ ಮೇಲೆ ಉಳಿದಿದೆ.

ಪ್ಲಗ್ಗಿನ ವಿಷಯಕ್ಕೆ ಬಂದರೆ ಬೆಂಗಳೂರಿಗೆ ಹೆಮ್ಮೆಪಡುವ ಹಕ್ಕಿದೆ. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ ಆಡುಗೋಡಿಯ ಕಾರ್ಖಾನೆಯಲ್ಲಿ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ ದೇಶಕ್ಕೆಲ್ಲ ಹಂಚಿತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೈಕೊ ಲೇಔಟ್ ಎಂಬ ಬಡಾವಣೆ ಹಳೆಯ ಹೆಸರನ್ನು ಕಾಪಾಡಿಕೊಂಡಿದೆ. ಮನೆಯಲ್ಲೇ ರಿಪೇರಿ ಮಾಡುವವನಿಗೆ ಪ್ಲಗ್ಗು ಬರೀ ಬಿಡಿಭಾಗವಲ್ಲ, ಎಂಜಿನ್ನಿನ ನಾಲಗೆ. ಡಾಕ್ಟರು ರೋಗಿಗೆ ‘ಆ’ ಅನ್ನಿಸುವಂತೆ ಇವನು ನಾಲ್ಕೂ ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟು ನೋಡುತ್ತಿದ್ದ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಕಟ್ಟಿದ್ದರೆ ಕಾರ್ಬೊರೇಟರ್ ಪೆಟ್ರೋಲನ್ನು ಅತಿಯಾಗಿ ಕುಡಿಸುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಕಾಯುತ್ತಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ನಿನ ರಿಂಗ್ ಸವೆದಿದೆ. ಅಂದರೆ ದೊಡ್ಡ ಖರ್ಚು ಬಾಗಿಲಲ್ಲಿ ನಿಂತಿದೆ.

ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋದವರು ಟ್ಯಾಪೆಟ್ ಸೆಟ್ ಮಾಡುತ್ತಿದ್ದರು. ಸಿಲಿಂಡರಿನೊಳಕ್ಕೆ ಗಾಳಿ-ಪೆಟ್ರೋಲ್ ಮಿಶ್ರಣ ಬಿಡುವ, ಹೊಗೆಯನ್ನು ಹೊರಕ್ಕೆ ದಬ್ಬುವ ವಾಲ್ವುಗಳು ಒಟ್ಟು ಎಂಟು. ಒಂದೊಂದರ ನೆತ್ತಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಹೆಚ್ಚಾದರೆ ಟಕಟಕ ಸದ್ದು. ಕಡಿಮೆಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸುಮ್ಮನಿರುವ ಟ್ಯಾಪೆಟ್ಟಿಗೆ ಹೆದರಬೇಕು ಎಂದು ಮೇಸ್ತ್ರಿಗಳು ಹೇಳುವುದು ಇದಕ್ಕೇ. ಯಾವ ವಾಲ್ವನ್ನು ಯಾವಾಗ ಹೊಂದಿಸಬೇಕು ಎಂಬುದಕ್ಕೆ ಒಂದು ಸೊಗಸಾದ ಲೆಕ್ಕವಿತ್ತು. ವಾಲ್ವುಗಳಿಗೆ ಮುಂದಿನಿಂದ ಒಂದರಿಂದ ಎಂಟರವರೆಗೆ ಸಂಖ್ಯೆ ಕೊಡಿ. ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸಿ, ಮೂರನೆಯದು ತೆರೆದಾಗ ಆರನೆಯದನ್ನು. ಎರಡನ್ನೂ ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಸಿಲಿಂಡರುಗಳು ಉರಿಯುವುದರಿಂದ ಈ ಲೆಕ್ಕ ಕೂಡಿಬರುತ್ತದೆ. ಕಾರಣ ತಿಳಿಯದಿದ್ದವರಿಗೂ ಒಂಬತ್ತರ ಮಗ್ಗಿ ತಿಳಿದಿತ್ತು.

ಹೆಡ್ಡು ಬಿಚ್ಚುವುದು ಮಾತ್ರ ಎಲ್ಲರ ಕೆಲಸವಲ್ಲ. ಆಗಿನ ಪೆಟ್ರೋಲು, ಎಣ್ಣೆಗಳ ಗುಣದಿಂದ ಸಿಲಿಂಡರಿನ ತಲೆಯಲ್ಲಿ ಇದ್ದಿಲು ಕಟ್ಟುತ್ತಿತ್ತು. ಕಾರು ಏರಿನಲ್ಲಿ ಕಟಕಟ ಹೊಡೆದುಕೊಂಡು, ಚಾವಿ ತಿರುಗಿಸಿ ಆಫ್ ಮಾಡಿದ ಮೇಲೂ ಒಂದೆರಡು ಸಲ ಮಿಡುಕಿ ನಿಲ್ಲುತ್ತಿತ್ತು. ಆಗ ಹೆಡ್ಡು ಇಳಿಸಿ, ಇದ್ದಿಲು ಕೆರೆದು, ವಾಲ್ವುಗಳಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರಿನ ಬಟ್ಟಲಿರುವ ಕೋಲನ್ನು ಎರಡೂ ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ತಿರುವಿ ಕೂರಿಸಬೇಕು. ಮತ್ತೆ ಹೆಡ್ಡು ಏರಿಸುವಾಗ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಸುತ್ತು ಸುತ್ತಾಗಿ ಬಿಗಿಯಬೇಕು. ಒಂದು ಕಡೆಯಿಂದ ಬಿಗಿದುಕೊಂಡು ಹೋದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ ಒಡೆದು, ನೀರೂ ಎಣ್ಣೆಯೂ ಬೆರೆತು, ಗೇಜ್ ಕಡ್ಡಿ ಎತ್ತಿದರೆ ಕಾಫಿ ಬಣ್ಣದ ನೊರೆ ಬರುತ್ತದೆ.

ಸಿಲಿಂಡರೇ ಸವೆದರೆ? ಅದಕ್ಕೂ ದಾರಿಯಿತ್ತು. ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ಕೂದಲಿನಷ್ಟು ಅಗಲ ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುವುದು. ಮುಂದಿನ ಸಲ ಇನ್ನೊಂದು ಅಳತೆ ದೊಡ್ಡದು. ಈ ‘ಓವರ್‌ಸೈಜ್’ ಪಿಸ್ಟನ್ನುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ದಿಲ್ಲಿಯ ಕಾಶ್ಮೀರಿ ಗೇಟಿನಲ್ಲಾಗಲಿ ಡಬ್ಬಿಗಳಲ್ಲಿ ಸಾಲಾಗಿ ಸಿಗುತ್ತಿದ್ದವು. ಒಂದೇ ಎಂಜಿನ್ ಎರಡು ಮೂರು ಸಲ ಬಿಚ್ಚಿಸಿಕೊಂಡು ಮತ್ತೆ ಹುಟ್ಟಬೇಕು ಎಂದು ಎಣಿಸಿಯೇ ಅದನ್ನು ರೂಪಿಸಿದ್ದರು. ಇದು ಸಣ್ಣ ಮಾತಲ್ಲ. ವಸ್ತುವೊಂದು ಸವೆಯುತ್ತದೆ, ಸವೆದದ್ದನ್ನು ಯಾರೋ ಸರಿಪಡಿಸುತ್ತಾರೆ ಎಂಬ ಲೆಕ್ಕಾಚಾರ ಕಾರ್ಖಾನೆಯ ನಕ್ಷೆಯಲ್ಲೇ ಇತ್ತು.

ದಾರಿಯಲ್ಲಿ ಕೆಟ್ಟಾಗ ಮಾಡುತ್ತಿದ್ದ ಚಿಕಿತ್ಸೆಗಳದ್ದೇ ಬೇರೆ ಪುರಾಣ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ. ಬಿಸಿನೀರಿನಲ್ಲಿ ಉಬ್ಬಿದ ಪುಡಿ ಸೋರುವ ತೂತಿಗೆ ಹೋಗಿ ಕೂರುತ್ತದೆ. ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಟ್ಟೆ ಒಗೆಯುವ ಬಾರ್ ಸೋಪು. ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದ್ದರಿಂದ ಮೆತ್ತಿದರೆ ನಿಲ್ಲುತ್ತದೆ. ಬೇಸಗೆಯಲ್ಲಿ ಚಾರ್ಮಾಡಿ, ಆಗುಂಬೆಯಂಥ ಘಾಟಿ ಏರುವಾಗ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ಕಾರು ನಿಂತರೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬುತ್ತಿ ಬಿಚ್ಚಿ ಊಟ ಮಾಡುವುದು. ಊಟ ಮುಗಿಯುವ ಹೊತ್ತಿಗೆ ಆವಿ ತಣಿದು ಮತ್ತೆ ಪೆಟ್ರೋಲಾಗಿರುತ್ತದೆ.

ಇವನ್ನೆಲ್ಲ ನೆನೆದು ಹಿರಿಯರು ಈಗ ಮೆಲುಕು ಹಾಕುವುದುಂಟು. ಆದರೆ ಎಲ್ಲವನ್ನೂ ಜಾಣತನವೆಂದು ಕೊಂಡಾಡುವುದು ಸರಿಯಲ್ಲ. ತೂತು ಮುಚ್ಚಿದ ಅದೇ ಅರಿಶಿನ ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಮುಚ್ಚುತ್ತದೆ. ಮನೆ ತಲುಪಿದ ಮೇಲೆ ತೊಳೆಸದೆ ಮರೆತರೆ ಎಂಜಿನ್ ಕಾದು ಹೆಡ್ಡು ಸೊಟ್ಟಗಾಗುತ್ತದೆ. ಹತ್ತು ರೂಪಾಯಿಯ ಮದ್ದು ಸಾವಿರದ ರೋಗ ತಂದಂತೆ. ಇನ್ನೊಂದು ಮಾತು: ‘ನನ್ನ ಕಾರನ್ನು ನಾನೇ ರಿಪೇರಿ ಮಾಡುತ್ತಿದ್ದೆ’ ಎನ್ನುವ ಅನೇಕರು ನಿಜಕ್ಕೂ ಮಾಡಿದ್ದು ಪಕ್ಕದಲ್ಲಿ ನಿಂತು ಸ್ಪ್ಯಾನರ್ ಎತ್ತಿಕೊಟ್ಟದ್ದು. ಕೆಲಸ ಕಲಿತವನು, ಕಲಿಸಿದವನು ಊರಿನ ಮೇಸ್ತ್ರಿ. ಹತ್ತು ಹನ್ನೆರಡು ವರ್ಷದ ಹುಡುಗನಾಗಿ ಗ್ಯಾರೇಜು ಸೇರಿ, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತ, ಶಾಲೆ ಬಿಟ್ಟು ಕಲಿತ ವಿದ್ಯೆ ಅದು. ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಶಿವಾಜಿನಗರದ ಗುಜರಿಯಲ್ಲಿ ರಾಶಿ ಬಿದ್ದ ಹಳೆಯ ಕಾರ್ಬೊರೇಟರುಗಳಲ್ಲಿ ಯಾವುದು ನಡೆಯುತ್ತದೆ ಎಂದು ಕೈಯಲ್ಲಿ ಹಿಡಿದೇ ಹೇಳಬಲ್ಲವನನ್ನು ನಾವು ಎಂಜಿನಿಯರ್ ಎಂದು ಕರೆಯಲಿಲ್ಲ.

ಅಮೆರಿಕದಲ್ಲಿ ಪುಸ್ತಕವೇ ಬಂತು. ಎಂಜಿನಿಯರ್ ಕೆಲಸ ಬಿಟ್ಟು ನ್ಯೂ ಮೆಕ್ಸಿಕೊ ಸೇರಿದ್ದ ಜಾನ್ ಮ್ಯೂರ್ ಎಂಬಾತ 1969ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಏನೂ ತಿಳಿಯದವರೂ ರಿಪೇರಿ ಮಾಡಿಕೊಳ್ಳುವಂತೆ ಹಂತ ಹಂತವಾಗಿ ವಿವರಿಸುವ ಕೈಪಿಡಿ ಬರೆದ. ಪೀಟರ್ ಆಶ್ವಾಂಡೆನ್ ಅದಕ್ಕೆ ಚಿತ್ರ ಬಿಡಿಸಿದ. ಅದು ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅಲ್ಲಿನ ಯುವಕರಿಗೆ ಸ್ಪ್ಯಾನರ್ ಹಿಡಿಯುವುದು ದೊಡ್ಡ ಕಂಪನಿಗಳ ಹಂಗು ಬೇಡವೆನ್ನುವ ಒಂದು ಬಗೆಯ ಪ್ರತಿಭಟನೆ. ನಮ್ಮಲ್ಲಿ ಹಂಗು ಬೇಡವೆನ್ನಲು ಕಂಪನಿಯ ವರ್ಕ್‌ಶಾಪಾದರೂ ಹತ್ತಿರ ಇರಬೇಕಿತ್ತಲ್ಲ!

1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದರು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು, ಅಡ್ಡಲಾಗಿ ಕೂರಿಸಿದ್ದು. ಆರಂಭದಲ್ಲಿ ಅದರಲ್ಲೂ ಕಾರ್ಬೊರೇಟರೇ ಇತ್ತು, ಪ್ಲಗ್ಗು ಬಿಚ್ಚಿ ನೋಡುವವರಿಗೆ ಅಡ್ಡಿಯಿರಲಿಲ್ಲ. ಆದರೆ ಅದು ಕೆಡುವುದೇ ಅಪರೂಪ. ಕೆಟ್ಟರೆ ಊರೂರಿಗೆ ಕಂಪನಿಯ ಸರ್ವಿಸ್ ಕೇಂದ್ರ. ಬಾನೆಟ್ ಎತ್ತುವ ಅಭ್ಯಾಸ ಮೊದಲು ಕುಗ್ಗಿದ್ದು ಯಾವ ನಿರ್ಬಂಧದಿಂದಲೂ ಅಲ್ಲ, ಅಗತ್ಯ ಕಡಿಮೆಯಾದದ್ದರಿಂದ.

ಎರಡನೆಯ ಪೆಟ್ಟು ಹೊಗೆಯ ಕಡೆಯಿಂದ ಬಂತು. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲು ಬಂತು. 1999ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ಪ್ರದೇಶದ ಹೊಸ ಕಾರುಗಳಿಗೆ ಯೂರೊ ಮಿತಿಗಳನ್ನು ವಿಧಿಸಿತು. 2000ದ ಫೆಬ್ರುವರಿಯಲ್ಲಿ ಸೀಸದ ಪೆಟ್ರೋಲು ದೇಶದಲ್ಲೆಲ್ಲ ನಿಂತಿತು. ಹೊಸ ಮಿತಿಗಳನ್ನು ಕಾರ್ಬೊರೇಟರಿನಿಂದ ಮುಟ್ಟುವುದು ಕಷ್ಟ. ಒಳ್ಳೆಯ ಮೇಸ್ತ್ರಿ ಸ್ಕ್ರೂ ತಿರುಗಿಸಿ ಎಂಜಿನ್ನಿನ ಸದ್ದು ಆಲಿಸಿ ಶ್ರುತಿ ಮಾಡುತ್ತಿದ್ದ, ನಿಜ. ಆದರೆ ಕಾರ್ಬನ್ ಮಾನಾಕ್ಸೈಡಿಗೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಕಿವಿಗೆ ಇಂಪಾದ ಎಂಜಿನ್ ಶ್ವಾಸಕೋಶಕ್ಕೆ ವಿಷವಾಗಿರಬಹುದಿತ್ತು. ಎಂಪಿಎಫ್ಐ ಎಂಬ ಹೊಸ ವ್ಯವಸ್ಥೆಯಲ್ಲಿ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಸಂವೇದಕ, ಅದನ್ನು ಓದಿ ಪೆಟ್ರೋಲನ್ನು ಹನಿ ಲೆಕ್ಕದಲ್ಲಿ ಚಿಮ್ಮಿಸುವ ಕಂಪ್ಯೂಟರು ಬಂದವು. ಇದರಿಂದ ನಗರದ ಗಾಳಿಗೆ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಾಯಿಂಟೂ ಹೋಯಿತು, ಡೆಲ್ಕೊವೂ ಹೋಯಿತು. ಕಾಯಿಲೆ ಏನೆಂದು ಕೇಳಲು ಈಗ ಕಾರಿನ ಕಂಪ್ಯೂಟರಿಗೆ ಇನ್ನೊಂದು ಕಂಪ್ಯೂಟರನ್ನು ಜೋಡಿಸಬೇಕು. ಆ ಎರಡನೆಯ ಕಂಪ್ಯೂಟರು ಯಾರ ಕೈಯಲ್ಲಿರಬೇಕು ಎಂಬುದೇ ಈಗಿನ ಜಗಳ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ನೇಮಿಸಿದಾಗ ಮೊಬೈಲು, ಗೃಹೋಪಯೋಗಿ ಯಂತ್ರ, ಕೃಷಿ ಉಪಕರಣಗಳ ಜೊತೆಗೆ ಮೋಟಾರು ವಾಹನವನ್ನೂ ಸೇರಿಸಿದ್ದು ಇದೇ ಕಾರಣಕ್ಕೆ.

ಹಳೆಯ ಕಾರು ಇಟ್ಟುಕೊಂಡವರ ಪಾಡು ಅದೇ ವರ್ಷ ಇನ್ನೊಂದು ರೀತಿ ಬಿಗಿಯಾಯಿತು. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಈಗ ಉಳಿದಿರುವ ಪದ್ಮಿನಿಗಳೆಲ್ಲ 20 ವರ್ಷವನ್ನೂ ದಾಟಿದ ಮುದುಕಿಯರು. ಕೊನೆಯವು ಕಾರ್ಖಾನೆ ಬಿಟ್ಟದ್ದು 2000ದ ಆಸುಪಾಸಿನಲ್ಲಿ. ಅವನ್ನು ಸಾಕುತ್ತಿರುವವರಿಗೆ ಬಿಡಿಭಾಗ ಹುಡುಕುವುದೇ ಅರ್ಧ ಉದ್ಯೋಗ. ಪಾಯಿಂಟು ಉಜ್ಜುವ ತಾಪತ್ರಯ ಬೇಡವೆಂದು ಕೆಲವರು ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಕಿಟ್ ಕೂರಿಸಿದ್ದಾರೆ. ಸೀಸದ ಪೆಟ್ರೋಲು ಹೋದ ಮೇಲೆ ಬೇಗ ಸವೆಯಬಹುದೆಂಬ ಅಂಜಿಕೆಯಿಂದ ವಾಲ್ವು ಕೂರುವ ಸೀಟುಗಳನ್ನು ಗಟ್ಟಿ ಲೋಹದ್ದಕ್ಕೆ ಬದಲಿಸಿಕೊಂಡವರೂ ಇದ್ದಾರೆ.

ಈಗಿನ ಚಿಂತೆ ಎಥೆನಾಲ್. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಅದರ ಪಾಲು ಶೇಕಡ 20ಕ್ಕೆ ಮುಟ್ಟಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ. 1,089 ಸಿಸಿಯ ಆ ಎಂಜಿನ್ನನ್ನು ರೂಪಿಸಿದ ಇಟಲಿಯವರು ಇದನ್ನು ಊಹಿಸಿರಲಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿನ ಟ್ಯಾಂಕಿನಲ್ಲಿ ತೇವ ಸೇರಿ ತುಕ್ಕು ಹಿಡಿಯುತ್ತದೆ, ಆ ತುಕ್ಕು ಬಂದು ಕಾರ್ಬೊರೇಟರಿನ ಜೆಟ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಪದ್ಮಿನಿಯ ಒಡೆಯರು ಪೆಟ್ರೋಲ್ ಪೈಪನ್ನು ಎಥೆನಾಲ್ ತಾಳುವ ಹೊಸ ಬಗೆಯದಕ್ಕೆ ಬದಲಿಸಿಕೊಳ್ಳಬೇಕು. ಪಂಪಿನ ಒಳಗಿರುವ ರಬ್ಬರ್ ಬಟ್ಟೆಯ ಡಯಾಫ್ರಮ್ಮನ್ನೂ ಬಿಚ್ಚಿ ನೋಡಬೇಕು. ಅದಕ್ಕೆ ಕಂಪ್ಯೂಟರೇನೂ ಬೇಡ. ಪಂಪಿನ ಮೇಲಿನ ಸ್ಕ್ರೂಗಳನ್ನು ಬಿಚ್ಚುವ ಮೊದಲು ಮೇಲಿನ ಮತ್ತು ಕೆಳಗಿನ ಅರ್ಧಗಳಿಗೆ ಅಡ್ಡಲಾಗಿ ಒಂದು ಗೀರು ಎಳೆದಿಟ್ಟುಕೊಂಡರೆ ಸಾಕು, ಮತ್ತೆ ಜೋಡಿಸುವಾಗ ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.